ಕುದುರೆ ಧೂಳಿನ ಜಾಡಿನಲ್ಲಿ: ನ್ಯೂಬರಿಪೋರ್ಟ್‌ನಿಂದ ಫಿಲಡೆಲ್ಫಿಯಾವರೆಗೆ

ಶನಿವಾರ, ನ್ಯೂಬರಿಪೋರ್ಟ್

ಬಾಸ್ಟನ್‌ನಿಂದ ಉತ್ತರಕ್ಕೆ ಕಾರಿನಲ್ಲಿ ಸುಮಾರು ಒಂದು ಗಂಟೆ ಹೋದರೆ ನ್ಯೂಬರಿಪೋರ್ಟ್ ಸಿಗುತ್ತದೆ. ಮೆರಿಮ್ಯಾಕ್ ನದಿ ಸಮುದ್ರ ಸೇರುವ ಊರು. ಕೆಂಪು ಇಟ್ಟಿಗೆಯ ಅಂಗಡಿಗಳು, ದಡದಲ್ಲಿ ದೋಣಿಗಳು. ಅಕ್ಟೋಬರ್ ಆದ್ದರಿಂದ ಮನೆ ಮನೆ ಮೆಟ್ಟಿಲ ಮೇಲೂ ಕುಂಬಳಕಾಯಿ. ಫೆಡರಲ್ ಸ್ಟ್ರೀಟ್‌ನಲ್ಲಿ 1756ರಲ್ಲಿ ಕಟ್ಟಿದ ಓಲ್ಡ್ ಸೌತ್ ಪ್ರೆಸ್ಬಿಟೇರಿಯನ್ ಚರ್ಚ್ ಇದೆ. ಅಲ್ಲಿ ಪಾದ್ರಿ ನಿಂತು ಮಾತಾಡುವ ಪೀಠದ ಅಡಿಯಲ್ಲೇ 18ನೇ ಶತಮಾನದ ಬೋಧಕ ಜಾರ್ಜ್ ವೈಟ್‌ಫೀಲ್ಡ್‌ನ ಸಮಾಧಿ. ಜನರ ಭಕ್ತಿಯನ್ನು ಮತ್ತೆ ಎಬ್ಬಿಸಿದ ಆ ಕಾಲದ ಕ್ರೈಸ್ತ ಚಳವಳಿಯ ಜಾಡು ಹಿಡಿದು ನಾನು ಹೊರಟಿದ್ದೆ.

ಬೆಂಗಳೂರಿನವರು ಈ ಹೆಸರು ಕೇಳಿ ನಗಬಹುದು. ನಮ್ಮ ವೈಟ್‌ಫೀಲ್ಡ್‌ಗೂ ಈತನಿಗೂ ಸಂಬಂಧವೇ ಇಲ್ಲ. ಅದು ಆಂಗ್ಲೋ ಇಂಡಿಯನ್ನರಿಗಾಗಿ 1880ರ ದಶಕದಲ್ಲಿ ಊರು ಕಟ್ಟಿಸಿದ ಡಿ. ಎಸ್. ವೈಟ್‌ನಿಂದ ಬಂದ ಹೆಸರು. ಅಲ್ಲಿನ ಟ್ರಾಫಿಕ್ಕಿನ ಪಾಪವನ್ನು ಈ ಬೋಧಕನ ತಲೆಗೆ ಕಟ್ಟುವುದು ಬೇಡ.

ಈ ವೈಟ್‌ಫೀಲ್ಡ್ ಹುಟ್ಟಿದ್ದು 1714ರಲ್ಲಿ, ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ. ಅವನಮ್ಮ ನಡೆಸುತ್ತಿದ್ದ ಹೆಂಡದಂಗಡಿ ಇದ್ದ ಛತ್ರದಲ್ಲೇ ಬೆಳೆದ. ಹುಡುಗನಾಗಿದ್ದಾಗ ನಾಟಕದ ಹುಚ್ಚು. ಕಣ್ಣು ಸ್ವಲ್ಪ ಮಾಲುಗಣ್ಣು. ಅಮೆರಿಕಕ್ಕೆ ಏಳು ಸಲ ಬಂದ. ಏಳನೇ ಸಲ ಬಂದವನು ವಾಪಸ್ ಹೋಗಲೇ ಇಲ್ಲ. ಇಂಗ್ಲೆಂಡಿನ ಚರ್ಚುಗಳು ಬಾಗಿಲು ಮುಚ್ಚಿದಾಗ ಬಯಲಿಗೆ ಹೋಗಿ ನಿಂತ. ಮೈಕ್ ಇಲ್ಲದ ಕಾಲ. ಬಯಲಾಟದ ಭಾಗವತರ ಹಾಗೆ ಕೊನೆ ಸಾಲಿನವನ ಕಿವಿಗೂ ಮುಟ್ಟುವ ಗಂಟಲು. 1740ರ ಅಕ್ಟೋಬರ್‌ನಲ್ಲಿ ಬಾಸ್ಟನ್ ಕಾಮನ್ ಮೈದಾನದಲ್ಲಿ ಅವನ ಬೀಳ್ಕೊಡುಗೆಯ ಪ್ರಸಂಗ, ಅಂದರೆ ಧರ್ಮೋಪದೇಶ, ಕೇಳಲು 20,000ಕ್ಕೂ ಹೆಚ್ಚು ಜನ ಸೇರಿದ್ದರು ಎಂದು ಆಗಿನವರು ಬರೆದಿಟ್ಟಿದ್ದಾರೆ. ಆಗ ಬಾಸ್ಟನ್ ಊರಿನಲ್ಲಿ ಇದ್ದವರೇ ಅಷ್ಟಿಲ್ಲ. ಲೆಕ್ಕ ಸ್ವಲ್ಪ ಉಬ್ಬಿರಬಹುದು, ಆದರೆ ಊರಿಗೆ ಊರೇ ಬಂದಿತ್ತು ಅನ್ನುವುದು ಸುಳ್ಳಲ್ಲ.

1770ರ ಸೆಪ್ಟೆಂಬರ್ ಕೊನೆಗೆ ಅವನು ಇದೇ ಊರಿಗೆ ಬಂದು, ಇಲ್ಲಿನ ಪಾದ್ರಿ ಜೋನಾಥನ್ ಪಾರ್ಸನ್ಸ್ ಮನೆಯಲ್ಲಿ ಇಳಿದುಕೊಂಡ. ದಮ್ಮು ಜಾಸ್ತಿಯಾಗಿತ್ತು. ಮಲಗಲು ಮೆಟ್ಟಿಲು ಹತ್ತುತ್ತಿದ್ದವನನ್ನು ಬಾಗಿಲಲ್ಲಿ ಸೇರಿದ್ದ ಜನ ಬಿಡಲಿಲ್ಲ. ಕೈಯಲ್ಲಿದ್ದ ಮೇಣದಬತ್ತಿ ಉರಿದು ಮುಗಿಯುವವರೆಗೆ ಮೆಟ್ಟಿಲ ಮೇಲೆ ನಿಂತೇ ಮಾತಾಡಿದ ಎಂಬುದು ಇಲ್ಲಿ ಎಲ್ಲರೂ ಹೇಳುವ ಕಥೆ. ಬೆಳಗಾಗುವುದರೊಳಗೆ, ಸೆಪ್ಟೆಂಬರ್ 30ರಂದು, ತೀರಿಕೊಂಡ. ಬಾಸ್ಟನ್ನಿನಲ್ಲಿ ಗುಲಾಮಳಾಗಿದ್ದ ಫಿಲಿಸ್ ವೀಟ್ಲಿ ಎಂಬ ಹುಡುಗಿ ಅವನ ಮೇಲೆ ಬರೆದ ಶೋಕಗೀತೆ ಅಚ್ಚಾಗಿ, ಅವಳ ಹೆಸರು ಲಂಡನ್ನಿನವರೆಗೆ ಹೋಯಿತು.

ಸತ್ತ ಮೇಲೂ ಜನ ಅವನನ್ನು ಬಿಡಲಿಲ್ಲ. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ, 1775ರಲ್ಲಿ, ಕ್ವಿಬೆಕ್ ಮೇಲೆ ದಂಡೆತ್ತಿ ಹೊರಟಿದ್ದ ಬೆನೆಡಿಕ್ಟ್ ಆರ್ನಾಲ್ಡ್‌ನ ಸೈನ್ಯ ಈ ಚರ್ಚಿನಲ್ಲಿ ಪ್ರಸಂಗ ಕೇಳಿತು. ಆಮೇಲೆ ಅಧಿಕಾರಿಗಳು ಕೆಳಗಿಳಿದು ಸಮಾಧಿ ತೆರೆಸಿದರು. ಹೆಣದ ಕೊರಳಪಟ್ಟಿ, ಮುಂಗೈಪಟ್ಟಿ ಬಿಚ್ಚಿ, ಚೂರು ಮಾಡಿ ಹಂಚಿಕೊಂಡರು. ಯುದ್ಧಕ್ಕೆ ತಾಯತ! ಮುಂದೆ ಯಾರೋ ತೋಳಿನ ಮೂಳೆಯನ್ನೇ ಕದ್ದು ಇಂಗ್ಲೆಂಡಿಗೆ ಸಾಗಿಸಿದರು. ಅದು ಎಷ್ಟೋ ವರ್ಷಗಳ ಮೇಲೆ ವಾಪಸ್ ಬಂತು. ಸಂತರನ್ನು, ಅವರ ಮೂಳೆಗಳನ್ನು ಪೂಜಿಸುವುದೇ ತಪ್ಪು ಎಂದು ರೋಮಿನ ಚರ್ಚಿನಿಂದ ಸಿಡಿದು ಬಂದವರು ಈ ಪ್ರಾಟೆಸ್ಟೆಂಟರು, ಅಲ್ವಾ?

"ಮಾವ, ಇಷ್ಟು ದೊಡ್ಡ ಮನುಷ್ಯ ಗುಲಾಮಗಿರಿ ಬಗ್ಗೆ ಏನಂದ?" ಕಾರು ಓಡಿಸುತ್ತಿದ್ದ ಅಕ್ಕನ ಮಗ ಕೇಳಿದ. ಅವನು ಇಲ್ಲೇ ಕೆಲಸದಲ್ಲಿದ್ದಾನೆ. ನನ್ನ ಈ ಹುಚ್ಚಿಗೆ ರಜೆ ಹಾಕಿ ಬಂದಿದ್ದ. ಉತ್ತರ ಸಿಹಿಯಾಗಿಲ್ಲ. ಮೊದಮೊದಲು ವೈಟ್‌ಫೀಲ್ಡ್ ಗುಲಾಮರನ್ನು ಹಿಂಸಿಸುವ ಒಡೆಯರಿಗೆ ಬಹಿರಂಗ ಪತ್ರ ಬರೆದು ಬೈದ. ಆಮೇಲೆ ಜಾರ್ಜಿಯಾದಲ್ಲಿ ತಾನು ಕಟ್ಟಿದ್ದ ಅನಾಥಾಲಯ ನಡೆಸಲು ದುಡ್ಡು ಸಾಲದೆ, ಅಲ್ಲಿ ಗುಲಾಮಗಿರಿಗೆ ಕಾನೂನಿನ ಒಪ್ಪಿಗೆ ಸಿಗಲಿ ಎಂದು ತಾನೇ ಓಡಾಡಿದ. 1751ರಲ್ಲಿ ಒಪ್ಪಿಗೆ ಸಿಕ್ಕಿತು. ಸಾಯುವಾಗ ಅವನ ಹೆಸರಿನಲ್ಲಿ ಸುಮಾರು 50 ಗುಲಾಮರಿದ್ದರು. ಚರ್ಚಿನ ಪಕ್ಕದ ಸ್ಕೂಲ್ ಸ್ಟ್ರೀಟ್‌ನಲ್ಲಿ ಇನ್ನೊಂದು ಮನೆ ತೋರಿಸಿದೆ. ಗುಲಾಮಗಿರಿ ತೊಲಗಬೇಕು ಎಂದು ಜೀವಮಾನವಿಡೀ ಪತ್ರಿಕೆ ನಡೆಸಿದ ವಿಲಿಯಂ ಲಾಯ್ಡ್ ಗ್ಯಾರಿಸನ್ 1805ರಲ್ಲಿ ಹುಟ್ಟಿದ್ದು ಅಲ್ಲಿ.

ಭಾನುವಾರ, ನಾರ್ತಾಂಪ್ಟನ್

ಪಶ್ಚಿಮಕ್ಕೆ ಎರಡು ಗಂಟೆಯ ದಾರಿ. ಮೇಪಲ್ ಮರಗಳು ಪೂರ್ತಿ ಕೆಂಪಾಗಿದ್ದವು. ನಾರ್ತಾಂಪ್ಟನ್ ಈಗ ಕಾಲೇಜು ಹುಡುಗ ಹುಡುಗಿಯರ, ಪುಸ್ತಕದಂಗಡಿಗಳ, ಒಳ್ಳೆ ಕಾಫಿಯ ಊರು. ಮೇನ್ ಸ್ಟ್ರೀಟ್‌ನಲ್ಲಿರುವ ಕಲ್ಲಿನ ಚರ್ಚು 19ನೇ ಶತಮಾನದ್ದು. ಜೋನಾಥನ್ ಎಡ್ವರ್ಡ್ಸ್ 23 ವರ್ಷ ಪಾದ್ರಿಯಾಗಿದ್ದ ಸಭೆ, ಅಂದರೆ ಚರ್ಚಿನ ಜನರ ಕೂಟ, ಇದೇ; ಕಟ್ಟಡ ಮಾತ್ರ ಬೇರೆ.

ಎಡ್ವರ್ಡ್ಸ್ ವೈಟ್‌ಫೀಲ್ಡ್‌ಗೆ ಪೂರ್ತಿ ಉಲ್ಟಾ. ಸಣ್ಣ ದನಿ, ಕೈ ಬೀಸುವುದಿಲ್ಲ, ಬರೆದು ತಂದದ್ದನ್ನು ಓದುತ್ತಾನೆ. ದಿನಕ್ಕೆ ಹದಿಮೂರು ಗಂಟೆ ಓದುವ ಕೋಣೆಯಲ್ಲೇ ಇರುತ್ತಿದ್ದ. 1734ರ ಚಳಿಗಾಲದಲ್ಲಿ ಅವನ ಊರಿನಲ್ಲಿ ಏನೋ ಶುರುವಾಯಿತು. ಹುಡುಗರು ಕುಡಿತ, ರಾತ್ರಿ ತಿರುಗಾಟ ಬಿಟ್ಟು ಮನೆಗಳಲ್ಲಿ ಸೇರಿ ಪ್ರಾರ್ಥನೆ ಮಾಡತೊಡಗಿದರು. ಆರು ತಿಂಗಳಲ್ಲಿ ಸುಮಾರು 300 ಜನ ಮನಸ್ಸು ದೇವರ ಕಡೆ ತಿರುಗಿ ಹೊಸ ಹುಟ್ಟು ಪಡೆದರು ಎಂದು ಅವನೇ ಲೆಕ್ಕ ಕೊಟ್ಟ. ಆ ವರದಿ 1737ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಯಿತು. ನಮ್ಮ ಕಡೆಯ ಚರ್ಚುಗಳಲ್ಲಿ ಉಜ್ಜೀವನ ಅನ್ನುತ್ತಾರಲ್ಲ, ಭಕ್ತಿ ಮತ್ತೆ ಚಿಗುರುವುದು, ಅದು ಹೇಗೆ ನಡೆಯುತ್ತದೆ ಅನ್ನುವುದಕ್ಕೆ ಇಂಗ್ಲೆಂಡ್, ಅಮೆರಿಕ ಎರಡೂ ಕಡೆಯ ಪಾದ್ರಿಗಳಿಗೆ ಆ ಪುಸ್ತಕವೇ ಮಾದರಿ.

ಆದರೆ ಅದರ ನಡುವೆಯೇ ಒಂದು ಸಾವು. ಎಡ್ವರ್ಡ್ಸ್‌ನ ಚಿಕ್ಕಮ್ಮನ ಗಂಡ ಜೋಸೆಫ್ ಹಾಲಿ ಊರಿನ ದೊಡ್ಡ ವ್ಯಾಪಾರಿ. ತನ್ನ ಆತ್ಮಕ್ಕೆ ರಕ್ಷಣೆ ಇಲ್ಲ, ಮೋಕ್ಷ ಸಿಗದು ಎಂಬ ಚಿಂತೆ ಹತ್ತಿ, ನಿದ್ದೆಗೆಟ್ಟು, 1735ರ ಜೂನ್ 1ರ ಭಾನುವಾರ ಕತ್ತು ಕೊಯ್ದುಕೊಂಡ. ಅಲ್ಲಿಗೆ ಆ ಉತ್ಸಾಹ ಇಳಿಯಿತು. ಹಾಲಿಗೆ ಅದೇ ಹೆಸರಿನ ಮಗನಿದ್ದ. ಅವನು ಕಥೆಗೆ ಮತ್ತೆ ಬರುತ್ತಾನೆ.

ಈ ಬೋಧಕರೆಲ್ಲ ಜನರಿಗೆ ಹೇಳಿದ್ದು ಮುಖ್ಯವಾಗಿ ಒಂದೇ. ಚರ್ಚಿಗೆ ಬಂದು ಕೂತರೆ ಸಾಲದು, ನಿನ್ನೊಳಗೆ ಏನು ನಡೆದಿದೆ ನೋಡಿಕೋ. ಕೇಳಲು ಸುಲಭ. ಆದರೆ ಒಳಗನ್ನು ಅಳೆಯುವ ಅಳತೆಗೋಲು ಒಮ್ಮೆ ಜನರ ಕೈಗೆ ಬಂದ ಮೇಲೆ ಅದು ಪಾದ್ರಿಯ ಕಡೆಗೂ ತಿರುಗುತ್ತದೆ. ಇಡೀ ದಾರಿಯಲ್ಲಿ ನಾನು ಹುಡುಕುತ್ತಿದ್ದದ್ದು ಪೀಠದ ಮೇಲಿದ್ದವರಿಗಿಂತ ಕೆಳಗೆ ಬೆಂಚಿನಲ್ಲಿ ಕೂತಿದ್ದವರನ್ನು.

ನಾರ್ತಾಂಪ್ಟನ್ನಿನ ಬೆಂಚುಗಳು 1744ರಲ್ಲೇ ಗೊಣಗಲು ಶುರು ಮಾಡಿದವು. ಕೆಲವು ಯುವಕರು ಸೂಲಗಿತ್ತಿಯರ ಪುಸ್ತಕವೊಂದನ್ನು ಕದ್ದು ಓದಿ, ಹುಡುಗಿಯರನ್ನು ಗೇಲಿ ಮಾಡುತ್ತಿದ್ದರು. ಎಡ್ವರ್ಡ್ಸ್ ಸಭೆಯಲ್ಲೇ ಹೆಸರುಗಳ ಪಟ್ಟಿ ಓದಿದ. ಅದರಲ್ಲಿ ಆರೋಪಿ ಯಾರು, ಸಾಕ್ಷಿ ಯಾರು ಎಂದು ಹೇಳಲಿಲ್ಲ. ದೊಡ್ಡ ಮನೆಯವರಿಗೆಲ್ಲ ಸಿಟ್ಟು ಬಂತು. ವಿಚಾರಣೆಗೆ ಕಾಯಿಸಿದ್ದಕ್ಕೆ ರೇಗಿದ ತಿಮತಿ ರೂಟ್ ಎಂಬ ಹುಡುಗ, ನಾನೇನು ಈ ದೊಡ್ಡವರು ತಲೆಗೆ ಹಾಕಿದ ವಿಗ್ಗಿಗೆ ಅಡ್ಡ ಬೀಳಲ್ಲ ಅಂದುಬಿಟ್ಟ. ಮುಂದೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಯಾರು ಕೂರಬಹುದು ಎಂಬ ಜಗಳ. ಎಡ್ವರ್ಡ್ಸ್‌ನ ತಾತ ಸಾಲಮನ್ ಸ್ಟಾಡರ್ಡ್ ಇದೇ ಸಭೆಯಲ್ಲಿ ಎಲ್ಲರಿಗೂ ಬಾಗಿಲು ತೆರೆದಿದ್ದ. ಮೊಮ್ಮಗ ಮುಚ್ಚಲು ಹೋದ. 1750ರ ಜೂನ್‌ನಲ್ಲಿ ಮತ ಹಾಕಿದರು. ಇರಲಿ ಎಂದವರು 23 ಜನ. ಹೋಗಲಿ ಎಂದವರು 200ಕ್ಕೂ ಜಾಸ್ತಿ. ವಿರೋಧಿಗಳ ಮುಂದಾಳು ಯಾರೆಂದರೆ ಆ ಹಾಲಿಯ ಮಗ. ಅವನು ಆಮೇಲೆ ಪಶ್ಚಾತ್ತಾಪಪಟ್ಟು ಕ್ಷಮೆ ಕೇಳಿದ, ಆ ಮಾತು ಬೇರೆ. ತಮಾಷೆಯೆಂದರೆ, ಕೆಲಸದಿಂದ ತೆಗೆದ ಮೇಲೂ ಬೇರೆ ಪಾದ್ರಿ ಸಿಗದೆ, ಎಷ್ಟೋ ವಾರ ಎಡ್ವರ್ಡ್ಸ್‌ನನ್ನೇ ಕರೆದು ಪ್ರಸಂಗ ಮಾಡಿಸಿದರು!

ಸಂಜೆ ಬ್ರಿಡ್ಜ್ ಸ್ಟ್ರೀಟ್ ಸ್ಮಶಾನಕ್ಕೆ ಹೋದೆವು. ನನ್ನನ್ನು ಈ ಪ್ರವಾಸಕ್ಕೆ ಎಳೆದು ತಂದ ಮನುಷ್ಯ ಅಲ್ಲಿದ್ದಾನೆ, ಡೇವಿಡ್ ಬ್ರೇನರ್ಡ್. ಯೇಲ್‌ನಲ್ಲಿ ಓದುವಾಗ ಒಬ್ಬ ಮೇಷ್ಟ್ರ ಬಗ್ಗೆ, ಈ ಕುರ್ಚಿಗೆ ಇರುವಷ್ಟೂ ದೇವರ ಕೃಪೆ ಆತನಿಗಿಲ್ಲ ಅಂದಿದ್ದ. ಯಾರೋ ಕೇಳಿಸಿಕೊಂಡು ಚಾಡಿ ಹೇಳಿದರು. ಕಾಲೇಜಿನಿಂದ ಹೊರಹಾಕಿದರು. ಅಳತೆಗೋಲು ಅಂದೆನಲ್ಲ, ಅದೇ. ಡಿಗ್ರಿ ಇಲ್ಲದೆ ಪಾದ್ರಿಯಾಗಲು ಆಗದೆ, ನ್ಯೂ ಜೆರ್ಸಿಯ ಲೆನಾಪಿ ಎಂಬ ಮೂಲನಿವಾಸಿ ಜನರ ನಡುವೆ ಕೆಲಸಕ್ಕೆ ಹೋದ. ಕ್ಷಯ ಹಿಡಿದು 1747ರಲ್ಲಿ ಎಡ್ವರ್ಡ್ಸ್ ಮನೆಯಲ್ಲಿ, 29ನೇ ವಯಸ್ಸಿನಲ್ಲಿ ತೀರಿಕೊಂಡ. ಆರೈಕೆ ಮಾಡಿದ ಎಡ್ವರ್ಡ್ಸ್‌ನ ಮಗಳು ಜೆರೂಷಾ ನಾಲ್ಕೇ ತಿಂಗಳಲ್ಲಿ ಹೋದಳು. ಹದಿನೇಳು ವರ್ಷ. ಇಬ್ಬರ ಗೋರಿಯೂ ಅಕ್ಕಪಕ್ಕ.

ಬ್ರೇನರ್ಡ್‌ನ ದಿನಚರಿಯನ್ನು ಎಡ್ವರ್ಡ್ಸ್ 1749ರಲ್ಲಿ ಅಚ್ಚು ಹಾಕಿಸಿದ. ಆ ಪುಸ್ತಕವನ್ನು ಇಂಗ್ಲೆಂಡಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಒಬ್ಬ ಬ್ಯಾಪ್ಟಿಸ್ಟ್ ಓದಿ, ಮತ್ತೆ ಮತ್ತೆ ಓದಿ, ಬಂಗಾಳಕ್ಕೆ ಹೊರಟ. ವಿಲಿಯಂ ಕೇರಿ. ಅವನು 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಕನ್ನಡದ ವ್ಯಾಕರಣವೊಂದನ್ನು ಅಚ್ಚು ಮಾಡಿದ. ಹಳೆಯ ಕನ್ನಡ ವ್ಯಾಕರಣಗಳ ಜಾಡು ಹಿಡಿದು ಹೋದವನಿಗೆ ಕೇರಿ ಸಿಕ್ಕ, ಕೇರಿಯಿಂದ ಬ್ರೇನರ್ಡ್, ಬ್ರೇನರ್ಡ್‌ನಿಂದ ಎಡ್ವರ್ಡ್ಸ್. ಕುರ್ಚಿ ಬಗ್ಗೆ ಬಾಯಿ ಜಾರದಿದ್ದರೆ ಇದೆಲ್ಲ ಹೀಗೆ ಆಗುತ್ತಿತ್ತೋ ಇಲ್ಲವೋ.

ಸೋಮವಾರ, ಸ್ಟಾಕ್‌ಬ್ರಿಜ್

ಮಿಷನರಿಯೊಬ್ಬನ ಹಳೆಯ ಮನೆ, ಮಿಷನ್ ಹೌಸ್, ಮುಚ್ಚಿತ್ತು; ಹೊರಗಿನಿಂದಲೇ ನೋಡಿದೆವು. ಕೆಲಸ ಕಳೆದುಕೊಂಡ ಎಡ್ವರ್ಡ್ಸ್ 1751ರಲ್ಲಿ ಬಂದದ್ದು ಈ ಗಡಿ ಊರಿಗೆ, ಮೊಹಿಕನ್ ಎಂಬ ಮೂಲನಿವಾಸಿ ಜನರ ಪಾದ್ರಿಯಾಗಿ. ದೊಡ್ಡ ತತ್ವಗ್ರಂಥಗಳನ್ನು ಬರೆದದ್ದು ಇಲ್ಲಿ. ಆಗ ಊರು ಮೊಹಿಕನ್ನರದ್ದೇ. ಕೆಲವೇ ದಶಕಗಳಲ್ಲಿ ಬಿಳಿಯರು ಜಮೀನು ನುಂಗಿ ಅವರನ್ನು ಓಡಿಸಿದರು. ಮೊದಲು ನ್ಯೂಯಾರ್ಕ್ ಕಡೆಗೆ, ಕೊನೆಗೆ ವಿಸ್ಕಾನ್ಸಿನ್‌ಗೆ. ಅವರ ವಂಶದವರು ಈಗಲೂ ಅಲ್ಲಿದ್ದಾರೆ. ಸ್ಟಾಕ್‌ಬ್ರಿಜ್ ಅನ್ನುವ ಹೆಸರನ್ನು ಜೊತೆಗೇ ಇಟ್ಟುಕೊಂಡಿದ್ದಾರೆ. ಊರು ಮಾತ್ರ ಇಲ್ಲೇ ಉಳಿಯಿತು, ಚಂದದ ಬಿಳಿ ಬೇಲಿಗಳ ಜೊತೆ. ನನಗೆ ಅಲ್ಲಿ ಜಾಸ್ತಿ ಹೊತ್ತು ನಿಲ್ಲಲು ಮನಸ್ಸಾಗಲಿಲ್ಲ.

ಮಂಗಳವಾರ, ಎನ್‌ಫೀಲ್ಡ್ ಮತ್ತು ಮಿಡಲ್‌ಟೌನ್

ಎನ್‌ಫೀಲ್ಡ್‌ನಲ್ಲಿ ನೋಡಲು ಇರುವುದು ರಸ್ತೆ ಪಕ್ಕ ಫಲಕ ಹಚ್ಚಿದ ಒಂದು ಬಂಡೆ. ಆಗಿನ ಪ್ರಾರ್ಥನಾ ಮಂದಿರ ಇಲ್ಲ. 1741ರ ಜುಲೈ 8ರಂದು ಎಡ್ವರ್ಡ್ಸ್ ಇಲ್ಲಿ ಮಾಡಿದ ಪ್ರಸಂಗವನ್ನು ಅಮೆರಿಕದ ಮಕ್ಕಳು ಇವತ್ತಿಗೂ ಶಾಲೆಯಲ್ಲಿ ಓದುತ್ತಾರೆ. ಬೈಬಲಿನ ಧರ್ಮೋಪದೇಶಕಾಂಡದ ಒಂದು ತುಂಡು ವಚನ, ಅವರ ಕಾಲು ಜಾರುವ ಕಾಲ ಬರುತ್ತದೆ ಅಂತ. ಬೆಂಕಿಯ ಮೇಲೆ ಜೇಡವನ್ನು ಹಿಡಿದ ಹಾಗೆ ದೇವರು ನಿನ್ನನ್ನು ನರಕದ ಮೇಲೆ ಹಿಡಿದಿದ್ದಾನೆ, ಅವನ ಕೈ ಬಿಟ್ಟರೆ ಮುಗಿಯಿತು ಅಂದ. ಇದೇ ಪ್ರಸಂಗವನ್ನು ಅದಕ್ಕೆ ಮೊದಲು ಸ್ವಂತ ಊರಿನಲ್ಲಿ ಮಾಡಿದಾಗ ಯಾರೂ ಅಲ್ಲಾಡಿರಲಿಲ್ಲ. ಇಲ್ಲಿ ಮಾತ್ರ ಜನ ಚೀರಿದರು. ಪಕ್ಕದ ಊರಿನ ಪಾದ್ರಿ ಸ್ಟೀಫನ್ ವಿಲಿಯಮ್ಸ್ ಅಂದು ಅಲ್ಲಿದ್ದ. ಗದ್ದಲ ಎಷ್ಟಾಯಿತೆಂದರೆ ಪ್ರಸಂಗ ನಿಲ್ಲಿಸಬೇಕಾಯಿತು ಎಂದು ದಿನಚರಿಯಲ್ಲಿ ಬರೆದಿದ್ದಾನೆ. ಕಿರುಚಾಡದ, ಕುಣಿಯದ, ಕಾಗದ ನೋಡಿ ಓದುವ ಮನುಷ್ಯ ಇಷ್ಟು ಮಾಡಿದ. ಹಾಗಾದರೆ ಅರ್ಧ ಕೆಲಸ ಕೇಳುಗರದ್ದೇ ಅನ್ನಿಸುವುದಿಲ್ಲವೇ?

ಅಕ್ಕನ ಮಗ ಫಲಕ ಓದಿ, "ಇದಕ್ಕಾ ಮಾವ ಇಷ್ಟು ದೂರ?" ಅಂದ. ಮಧ್ಯಾಹ್ನ ಕನೆಕ್ಟಿಕಟ್ ನದಿಗುಂಟ ಕೆಳಗಿಳಿದು ಮಿಡಲ್‌ಟೌನ್ ಸೇರಿದೆವು. ಅಲ್ಲಿ ಫಲಕವನ್ನೂ ಹುಡುಕಲಿಲ್ಲ. ನದಿ ದಡದಲ್ಲಿ ಕೂತು ನೇಥನ್ ಕೋಲ್ ಎಂಬ ರೈತನ ಕಥೆ ಅವನಿಗೆ ಹೇಳಿದೆ.

ಕೋಲ್‌ನ ಊರು ಇಲ್ಲಿಗೆ 12 ಮೈಲಿ. 1740ರ ಅಕ್ಟೋಬರ್ 23ರ ಬೆಳಿಗ್ಗೆ ಹೊಲದಲ್ಲಿದ್ದ. ಎಂಟೋ ಒಂಬತ್ತೋ ಗಂಟೆ. ಒಬ್ಬ ಸವಾರ ಬಂದು, ಹತ್ತು ಗಂಟೆಗೆ ಮಿಡಲ್‌ಟೌನಿನಲ್ಲಿ ವೈಟ್‌ಫೀಲ್ಡ್ ಪ್ರಸಂಗ ಅಂದ. ಕೋಲ್ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಸಾಕಿ ಮನೆಗೆ ಓಡಿದ. ಹೆಂಡತಿಗೆ ಬೇಗ ಹೊರಡು ಅಂದ, ಕುದುರೆ ತಂದ. ಇಬ್ಬರೂ ಒಂದೇ ಕುದುರೆ ಮೇಲೆ. ಕುದುರೆಗೆ ಏದುಸಿರು ಬಂದಾಗ ಇವನು ಇಳಿದು, ಹೆಂಡತಿಯನ್ನು ಜೀನಿನ ಮೇಲೆ ಕೂರಿಸಿ, ನನಗಾಗಿ ನಿಲ್ಲಿಸಬೇಡ ಎಂದು ಹೇಳಿ, ಪಕ್ಕದಲ್ಲಿ ಓಡುತ್ತಾನೆ. ತನಗೆ ಉಸಿರು ಹತ್ತಿದಾಗ ಮತ್ತೆ ಹತ್ತುತ್ತಾನೆ. ದಿಬ್ಬದ ಮೇಲಿಂದ ನೋಡಿದರೆ ಮುಂದೆ ಮಂಜಿನ ಮೋಡ. ನದಿಯಿಂದ ಎದ್ದಿರಬೇಕು ಅಂದುಕೊಂಡ. ಹತ್ತಿರ ಹೋದರೆ ಗುಡುಗಿನಂಥ ಸದ್ದು. ಅದು ಮಂಜಲ್ಲ, ಕುದುರೆಗಳ ಕಾಲಿನ ಧೂಳು. ಒಂದರ ಹಿಂದೆ ಒಂದು, ಒಂದು ಕುದುರೆಯ ಉದ್ದಕ್ಕಿಂತ ಹೆಚ್ಚು ಅಂತರವಿಲ್ಲದೆ, ಬೆವರು ನೊರೆ ಸುರಿಸಿಕೊಂಡು ಓಡುತ್ತಿವೆ. ಯಾರ ಬಾಯಲ್ಲೂ ಮಾತಿಲ್ಲ. ಎರಡು ಕುದುರೆಗಳ ಸಂದಿಯಲ್ಲಿ ತನ್ನದನ್ನು ನುಗ್ಗಿಸಿದ. ಆಗ ಹೆಂಡತಿ ಹೇಳಿದ ಮಾತನ್ನೂ ಅವನು ಬರೆದಿದ್ದಾನೆ: ಅಯ್ಯೋ, ನಮ್ಮ ಬಟ್ಟೆ ಎಲ್ಲ ಹಾಳಾಯ್ತು ನೋಡಿ!

ದಾರಿಯ 12 ಮೈಲಿಯಲ್ಲೂ ಹೊಲದಲ್ಲಿ ಒಂದು ಆಳು ಕಾಣಲಿಲ್ಲವಂತೆ. ನದಿಯ ಮೇಲೆ ದೋಣಿಗಳು ಆ ದಡದಿಂದ ಜನರನ್ನು ತುಂಬಿ ತುಂಬಿ ತರುತ್ತಿದ್ದವು. ಕಟ್ಟೆಯ ಮೇಲೆ ಬಂದು ನಿಂತ ವೈಟ್‌ಫೀಲ್ಡ್ ಇನ್ನೂ ತೆಳ್ಳಗಿನ ಹುಡುಗ. ಕೇಳುತ್ತ ಕೇಳುತ್ತ ಎದೆಗೆ ಗಾಯವಾಯಿತು ಎಂದು ಕೋಲ್ ಬರೆದ. ಆ ಗಾಯ ಎರಡು ವರ್ಷ ಮಾಯಲಿಲ್ಲ. ಮಾದ ಮೇಲೆ ಏನು ಮಾಡಿದ ಗೊತ್ತಾ? ತನ್ನ ಊರಿನ ಚರ್ಚು ಸರಿಯಿಲ್ಲ ಎಂದು ಬಿಟ್ಟು, ಬೇರೆ ಸಭೆ ಸೇರಿದ. ಕೋಲ್ ಪಂಡಿತನಲ್ಲ, ಅವನ ಬರಹದಲ್ಲಿ ಕಾಗುಣಿತ ಎಲ್ಲೆಲ್ಲೋ ಹೋಗಿದೆ. ಆದರೂ ಆ ಕಾಲದ ಎಷ್ಟೋ ಪಾದ್ರಿಗಳ ದಪ್ಪ ಪುಸ್ತಕಗಳಿಗಿಂತ ಆ ಕೆಲವೇ ಪುಟ ನನಗೆ ಇಷ್ಟ.

ಬುಧವಾರ, ನ್ಯೂ ಲಂಡನ್

ಸಮುದ್ರದ ಕಡೆಯಿಂದ ಬೆಳಿಗ್ಗೆಯೇ ಚಳಿಗಾಳಿ. 1743ರ ಮಾರ್ಚ್ 6ರಂದು ಇಲ್ಲಿನ ಹಡಗುಕಟ್ಟೆಯ ಹತ್ತಿರ ಜೇಮ್ಸ್ ಡೆವನ್‌ಪೋರ್ಟ್ ಎಂಬ ಬೋಧಕ ಪುಸ್ತಕಗಳ ರಾಶಿಗೆ ಬೆಂಕಿ ಹಚ್ಚಿಸಿದ. ಕಟ್ಟುನಿಟ್ಟಿನ ಪ್ರಾಟೆಸ್ಟೆಂಟರಾದ ದೊಡ್ಡ ದೊಡ್ಡ ಪ್ಯೂರಿಟನ್ ಗುರುಗಳ ಪುಸ್ತಕಗಳೇ ಸುಟ್ಟವು. ಇವನು ಊರೂರಿಗೆ ಹೋಗಿ, ನಿಮ್ಮ ಪಾದ್ರಿಗೇ ಹೊಸ ಹುಟ್ಟು ಆಗಿಲ್ಲ ಎಂದು ಹೆಸರು ಹಿಡಿದು ಹೇಳುತ್ತಿದ್ದವನು. ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಕನೆಕ್ಟಿಕಟ್ ಸರ್ಕಾರ ಒಮ್ಮೆ ದೋಣಿ ಹತ್ತಿಸಿ ಊರಿಗೆ ಕಳಿಸಿತ್ತು. ಮರುದಿನ ಬಟ್ಟೆಗಳ ಸರದಿ. ಆಡಂಬರದ ಬಟ್ಟೆ ವಿಗ್ರಹವಿದ್ದ ಹಾಗೆ, ಸುಡಿ ಅಂದ. ತನ್ನ ಮಖಮಲ್ಲಿನ ಚಡ್ಡಿಯನ್ನೇ ಬಿಚ್ಚಿ ರಾಶಿಗೆ ಹಾಕಿದ. ಗುಂಪಿನಲ್ಲಿದ್ದ ಒಬ್ಬ ಹೆಂಗಸು ಅದನ್ನು ಎತ್ತಿ ಅವನ ಮುಖಕ್ಕೇ ಎಸೆದಳಂತೆ. ಗುಂಪು ಅಲ್ಲಿಗೆ ಮುರಿಯಿತು. ಮುಂದಿನ ವರ್ಷ ಡೆವನ್‌ಪೋರ್ಟ್ ತಪ್ಪಾಯಿತು ಎಂದು ಅಚ್ಚು ಹಾಕಿಸಿ ಒಪ್ಪಿಕೊಂಡ.

ಅಲ್ಲಿಂದ ನ್ಯೂ ಜೆರ್ಸಿಯವರೆಗೆ ಹೆದ್ದಾರಿಯ ಜಾಮ್ ಬಗ್ಗೆ ಬರೆಯುವುದು ಬೇಡ.

ಗುರುವಾರ, ಪ್ರಿನ್ಸ್‌ಟನ್

ಪ್ರಿನ್ಸ್‌ಟನ್ ಶುರುವಾದದ್ದೇ ಈ ಉಜ್ಜೀವನದ ಪಕ್ಷದವರಿಂದ, 1746ರಲ್ಲಿ, ಕಾಲೇಜ್ ಆಫ್ ನ್ಯೂ ಜೆರ್ಸಿ ಎಂದು. ಎಡ್ವರ್ಡ್ಸ್‌ನ ಅಳಿಯ ಏರನ್ ಬರ್ ಅದರ ಅಧ್ಯಕ್ಷನಾಗಿದ್ದ. ಅವನು 1757ರಲ್ಲಿ ಸತ್ತಾಗ ಮಾವನನ್ನೇ ಕರೆಸಿದರು. ಎಡ್ವರ್ಡ್ಸ್ ಬಂದ, ಸಿಡುಬಿನ ಚುಚ್ಚುಮದ್ದು ಹಾಕಿಸಿಕೊಂಡ, ಅದೇ ತಿರುಗಿಬಿದ್ದು 1758ರ ಮಾರ್ಚ್ 22ರಂದು ತೀರಿಕೊಂಡ. ಅದೇ ವರ್ಷ ಮಗಳು ಎಸ್ತರ್ ಹೋದಳು, ಹೆಂಡತಿ ಸಾರಾ ಹೋದಳು. ಎಸ್ತರ್‌ಳ ಮಗ, ಅಪ್ಪನ ಹೆಸರನ್ನೇ ಹೊತ್ತ ಮೊಮ್ಮಗ ಏರನ್ ಬರ್ ದೇಶದ ಉಪಾಧ್ಯಕ್ಷನಾದ, ಆ ಪದವಿಯಲ್ಲಿ ಇರುವಾಗಲೇ 1804ರಲ್ಲಿ ದೇಶ ಕಟ್ಟಿದವರಲ್ಲಿ ಒಬ್ಬನಾದ ಅಲೆಕ್ಸಾಂಡರ್ ಹ್ಯಾಮಿಲ್ಟನ್‌ನನ್ನು ಗುಂಡಿಟ್ಟು ಕೊಂದ. ಅವನ ಗೋರಿ ಇರುವುದು ತಾತ, ಅಪ್ಪನ ಕಾಲ ಬಳಿ. ಸ್ಮಶಾನಕ್ಕೆ ಬಂದಿದ್ದ ಬೇರೆಯವರೆಲ್ಲ ಹುಡುಕುತ್ತಿದ್ದದ್ದು ಆ ಮೊಮ್ಮಗನನ್ನೇ.

ಎಡ್ವರ್ಡ್ಸ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಅವನ ಕಾಗದಪತ್ರಗಳಲ್ಲಿ 1731ರ ಒಂದು ರಸೀದಿ ಇದೆ. ನ್ಯೂಪೋರ್ಟ್‌ಗೆ ಹೋಗಿ 80 ಪೌಂಡ್ ಕೊಟ್ಟು ವೀನಸ್ ಎಂಬ ಹುಡುಗಿಯನ್ನು ಕೊಂಡದ್ದಕ್ಕೆ. ಅವಳಿಗೆ ಸುಮಾರು ಹದಿನಾಲ್ಕು ವರ್ಷ. ಮನುಷ್ಯನ ಒಳಗನ್ನು ಅಷ್ಟು ಸೂಕ್ಷ್ಮವಾಗಿ ಬಗೆದು ನೋಡಿದವನಿಗೆ ಇದು ಕಾಣಲಿಲ್ಲ. ಕಾಲವೇ ಹಾಗಿತ್ತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆ ಕಾಲದಲ್ಲೇ ತಪ್ಪು ಅಂದವರೂ ಇದ್ದರು.

ಶುಕ್ರವಾರ, ಫಿಲಡೆಲ್ಫಿಯಾ

ಮಾರ್ಕೆಟ್ ಸ್ಟ್ರೀಟ್‌ನಲ್ಲಿ ಅಕ್ಕನ ಮಗನಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತು. 1739ರಲ್ಲಿ ವೈಟ್‌ಫೀಲ್ಡ್ ಇಲ್ಲಿ, ಸೆಕೆಂಡ್ ಸ್ಟ್ರೀಟ್ ಕೂಡುವಲ್ಲಿ, ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಮಾತಾಡುತ್ತಿದ್ದಾಗ ಬೆಂಜಮಿನ್ ಫ್ರಾಂಕ್ಲಿನ್ ನದಿಯ ಕಡೆಗೆ ಹಿಂದೆ ಹಿಂದೆ ನಡೆದ. ಫ್ರಂಟ್ ಸ್ಟ್ರೀಟ್ ಹತ್ತಿರ ಬರುವವರೆಗೂ ಮಾತು ಸ್ಪಷ್ಟವಾಗಿ ಕೇಳಿತು. ಅಷ್ಟು ದೂರದ ಅರ್ಧವೃತ್ತ, ಒಬ್ಬನಿಗೆ ಎರಡು ಚದರಡಿ ಜಾಗ ಎಂದು ಗುಣಿಸಿ, 30,000ಕ್ಕೂ ಹೆಚ್ಚು ಜನ ಕೇಳಬಹುದು ಎಂದು ಲೆಕ್ಕ ಹಾಕಿದ. ನಾನು ಮೂಲೆಯಲ್ಲಿ ನಿಂತು ಕೂಗಿದೆ, ಹುಡುಗ ಹಿಂದೆ ಹಿಂದೆ ನಡೆದ. ಒಂದು ಬಸ್ಸು ಬಂತು, ಅಲ್ಲಿಗೆ ಪ್ರಯೋಗ ಮುಗಿಯಿತು.

ಫ್ರಾಂಕ್ಲಿನ್‌ಗೆ ಭಕ್ತಿ ಇರಲಿಲ್ಲ, ವ್ಯಾಪಾರ ಇತ್ತು. ವೈಟ್‌ಫೀಲ್ಡ್‌ನ ಪ್ರಸಂಗಗಳನ್ನು ಅಚ್ಚು ಹಾಕಿ ಮಾರುತ್ತಿದ್ದ. ಒಮ್ಮೆ ಅನಾಥಾಲಯದ ವಂತಿಗೆಗೆ ಒಂದು ಕಾಸೂ ಕೊಡಬಾರದು ಎಂದು ಗಟ್ಟಿ ಮಾಡಿಕೊಂಡು ಹೋದ. ಪ್ರಸಂಗ ಸಾಗಿದಂತೆ ತಾಮ್ರ ಕೊಡೋಣ ಅನ್ನಿಸಿತು, ಆಮೇಲೆ ಬೆಳ್ಳಿ, ಕೊನೆಗೆ ಚಿನ್ನದ ನಾಣ್ಯ ಸಮೇತ ಜೇಬು ಬರಿದು ಮಾಡಿದ. ಅವನ ಗೆಳೆಯನೊಬ್ಬ ಇನ್ನೂ ಹುಷಾರು, ಜೇಬನ್ನು ಮನೆಯಲ್ಲೇ ಖಾಲಿ ಮಾಡಿ ಬಂದಿದ್ದ. ಕೊನೆಗೆ ತಡೆಯಲಾರದೆ ಪಕ್ಕದಲ್ಲಿದ್ದ ಕ್ವೇಕರ್ ಪಂಥದವನ ಹತ್ತಿರ ಸಾಲ ಕೇಳಿದ. ಕ್ವೇಕರ್ ಹೇಳಿದ: ಬೇರೆ ಯಾವಾಗಲಾದರೂ ಕೇಳು ಕೊಡುತ್ತೇನೆ, ಈಗ ನಿನ್ನ ತಲೆ ಸರಿಯಿಲ್ಲ!

ದಕ್ಷಿಣಕ್ಕೆ ಸ್ವಲ್ಪ ದೂರ ನಡೆದರೆ ಸಿಕ್ಸ್ತ್ ಸ್ಟ್ರೀಟ್‌ನಲ್ಲಿ ಮದರ್ ಬೆತೆಲ್ ಚರ್ಚ್. ರಿಚರ್ಡ್ ಆ್ಯಲನ್ 1760ರಲ್ಲಿ ಗುಲಾಮನಾಗಿ ಹುಟ್ಟಿದವನು. ಮೆಥಡಿಸ್ಟ್ ಪಂಥದ ಬೋಧಕರ ಮಾತು ಕೇಳಿ ಬದಲಾದ. ದುಡಿದು, ದುಡ್ಡು ಕಟ್ಟಿ ಬಿಡುಗಡೆ ಪಡೆದ. ಫಿಲಡೆಲ್ಫಿಯಾದ ಸೇಂಟ್ ಜಾರ್ಜ್ ಚರ್ಚಿನಲ್ಲಿ ಕಪ್ಪು ಜನ ಮೊಣಕಾಲೂರಿ ಪ್ರಾರ್ಥಿಸುತ್ತಿರುವಾಗಲೇ ತೋಳು ಹಿಡಿದು ಎಬ್ಬಿಸಿದರು. ಪ್ರಾರ್ಥನೆ ಮುಗಿಸಿ ಎಲ್ಲರೂ ಒಟ್ಟಿಗೆ ಎದ್ದು ಹೊರನಡೆದರು. 1794ರಲ್ಲಿ ಆ್ಯಲನ್ ಈ ಜಾಗದಲ್ಲಿ ಬೇರೆ ಚರ್ಚು ಶುರು ಮಾಡಿದ. ಬಿಳಿಯ ಹಿರಿಯರು ಬೆತೆಲ್ ನಮ್ಮ ಹಿಡಿತದಲ್ಲೇ ಇರಬೇಕು ಎಂದು ಪಟ್ಟು ಹಿಡಿದರು. ಅವರ ಕಡೆಯ ಪಾದ್ರಿ ಒಂದು ಭಾನುವಾರ ಪ್ರಸಂಗ ಮಾಡಲು ಬಂದಾಗ ಜನ ನಡುದಾರಿಯಲ್ಲೆಲ್ಲ ತುಂಬಿ ನಿಂತು, ಆತ ಪೀಠದ ಹತ್ತಿರವೂ ಹೋಗಲಾರದಂತೆ ಮಾಡಿದರು. ವಿಷಯ ಕೋರ್ಟಿಗೆ ಹೋಯಿತು, ಬೆತೆಲ್ ಗೆದ್ದಿತು. 1816ರಲ್ಲಿ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚ್ ಹುಟ್ಟಿತು.

ಈಗಿನ ಕಟ್ಟಡ 19ನೇ ಶತಮಾನದ ಕೊನೆಯದು. ಆ್ಯಲನ್ ಸಮಾಧಿ ಕೆಳಗಿನ ಮಹಡಿಯಲ್ಲಿದೆ. ಹಳೆಯ ಬೆತೆಲ್‌ನ ಬೆಂಚಿನಲ್ಲಿ ಜರೀನಾ ಲೀ ಎಂಬ ಹೆಂಗಸು ಕೂರುತ್ತಿದ್ದಳು. ನನಗೂ ಬೋಧಿಸುವ ಕರೆ ಬಂದಿದೆ ಎಂದು ಆ್ಯಲನ್‌ಗೆ ಹೇಳಿದಾಗ, ಹೆಂಗಸರಿಗೆ ನಮ್ಮ ನಿಯಮದಲ್ಲಿ ಜಾಗ ಇಲ್ಲ ಅಂದಿದ್ದ. ಬಿಳಿಯರ ಚರ್ಚಿನಿಂದ ಎದ್ದು ಹೊರಟವರ ಮುಖಂಡನೂ ಹೀಗಂದ! ಎಂಟು ವರ್ಷ ಕಳೆಯಿತು. ಒಂದು ದಿನ ಬೈಬಲಿನ ಯೋನನ ಪುಸ್ತಕದ ಮೇಲೆ ಮಾತಾಡುತ್ತಿದ್ದ ಪಾದ್ರಿಗೆ ಮಧ್ಯದಲ್ಲೇ ಸ್ಫೂರ್ತಿ ನಿಂತುಹೋಯಿತು. ಲೀ ಕೂತಲ್ಲಿಂದ ಎದ್ದು, ಅದೇ ವಚನ ಹಿಡಿದು ಪ್ರಸಂಗ ಮುಂದುವರಿಸಿದಳು. ಮುಗಿಸಿ ಕೂತಾಗ, ಹೊರಗೆ ಹಾಕುತ್ತಾರೆ ಎಂಬ ಭಯ. ಆ್ಯಲನ್ ಎದ್ದು ನಿಂತು, ಈಕೆ ಹಿಂದೆ ನನ್ನಲ್ಲಿ ಬಂದು ಕೇಳಿದ್ದಳು, ಈ ಕೆಲಸಕ್ಕೆ ಕರೆ ಬಂದಿರುವುದು ನಿಜ ಎಂದು ಸಭೆಗೆ ಹೇಳಿದ. ಆಮೇಲೆ ಅವಳು ಕಾಲ್ನಡಿಗೆಯಲ್ಲಿ, ಗಾಡಿಯಲ್ಲಿ, ದೋಣಿಯಲ್ಲಿ ಊರೂರು ಸುತ್ತಿದಳು. ಗುಲಾಮರು ಹೆಚ್ಚಿದ್ದ ಮೇರಿಲ್ಯಾಂಡಿಗೂ ಹೋಗಿ ಬಂದಳು. 1836ರಲ್ಲಿ ತನ್ನ ಕಥೆಯನ್ನು ತಾನೇ ಬರೆದು, ತನ್ನ ದುಡ್ಡಿನಲ್ಲೇ ಅಚ್ಚು ಹಾಕಿಸಿ, ಪ್ರಸಂಗಕ್ಕೆ ಹೋದ ಕಡೆಯೆಲ್ಲ ಮಾರಿದಳು.